ರಿಂಗಿಗೆ ಸಿಕ್ಕಿಸುವ ಬಾಲ್ ರಿಟರ್ನ್: ಶಾಲಾ ತಂಡಕ್ಕೆ ಕೊಳ್ಳಬಹುದಾ?

ಬಾಸ್ಕೆಟ್‌ಬಾಲ್ ರಿಂಗಿನ ಕೆಳಗೆ ಸಿಕ್ಕಿಸುವ ಬಾಲ್ ರಿಟರ್ನ್ ಕೊಳ್ಳಬಹುದಾ ಅಂತ ನಮ್ಮ ಜಿಲ್ಲೆಯ ಪಿ.ಟಿ. ಟೀಚರ್‌ಗಳು ಸಿಕ್ಕಾಗಲೆಲ್ಲ ಕೇಳುತ್ತಾರೆ. ಕೊಳ್ಳಬಹುದು. ಆದರೆ ಮೊದಲು ಬಾಲ್ ಕೊಳ್ಳಿ. ಬಾಲ್ ಸಾಕಷ್ಟಿದ್ದು ಇನ್ನೂ ಕೈಯಲ್ಲಿ ದುಡ್ಡು ಉಳಿದಿದ್ದರೆ ಇದರ ಯೋಚನೆ ಮಾಡಿ. ಯಾಕೆ ಹಾಗೆ ಅಂತ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಶಾಲೆಯ ದುಡ್ಡು ಅಂದರೆ ಪೋಷಕರ ದುಡ್ಡು.

ನಾನು ಕೊಡಗಿನ ಗೋಣಿಕೊಪ್ಪದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹದಿನಾಲ್ಕು ವರ್ಷದೊಳಗಿನ ಹುಡುಗಿಯರ ತಂಡ, ಹುಡುಗರ ತಂಡ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ಈ ಸಾಮಾನನ್ನು ಬಿಸಿಲಿನಲ್ಲೂ ಬಳಸಿದ್ದೇವೆ, ನಮ್ಮ ಮಳೆಗಾಲವನ್ನೂ ಅದು ನೋಡಿದೆ. ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಇದೇ ನಮೂನೆಯದ್ದು ಹಲವು ಹೆಸರಿನಲ್ಲಿ ಸಿಗುತ್ತದೆ.

ನೋಡಿರದವರಿಗೆ ಒಂದು ಮಾತು. ರಿಂಗಿನ ಅಂಚಿಗೆ ಸಿಕ್ಕಿಸಲು ಎರಡು ಕೊಕ್ಕೆ, ಅದರ ಕೆಳಗೆ ಕಬ್ಬಿಣದ ಕಂಬಿಗಳನ್ನು ಸೇರಿಸಿ ಮಾಡಿದ ಪುಟ್ಟ ಜಾರುಬಂಡೆಯಂಥದ್ದು. ಇಷ್ಟೇ. ಬಾಲ್ ನೆಟ್‌ನೊಳಗಿಂದ ಬಿದ್ದರೆ ಆ ಕಂಬಿಗಳ ಮೇಲೆ ಉರುಳಿ, ಎಸೆದವರ ಕಡೆಗೇ ಪುಟಿದು ಬರುತ್ತದೆ. ಎಸೆಯುವವರು ಜಾಗ ಬದಲಿಸಿದರೆ ಅದರ ಮೂತಿಯನ್ನೂ ಆ ಕಡೆ ತಿರುಗಿಸಬೇಕು. ನಾವು ತುದಿಗೆ ಒಂದು ನೈಲಾನ್ ಹಗ್ಗ ಕಟ್ಟಿದ್ದೇವೆ, ಎಳೆದರೆ ತಿರುಗುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟ ಶುರು ಮಾಡಿದಾಗ ಮೇಲೆ ಕಟ್ಟಿದ್ದು ಪೀಚ್ ಹಣ್ಣಿನ ಬುಟ್ಟಿ. ಬುಟ್ಟಿಗೆ ತಳ ಇತ್ತು. ಬಾಲ್ ಒಳಗೆ ಬಿದ್ದರೆ ಯಾರಾದರೂ ಏಣಿ ಹತ್ತಿ ತೆಗೆದುಕೊಡಬೇಕಿತ್ತು. ಮಕ್ಕಳಿಗೆ ಈ ಕಥೆ ಹೇಳಿದರೆ ತುಂಬ ಖುಷಿಪಡುತ್ತಾರೆ. ಬಾಲ್ ವಾಪಸ್ ತರುವ ತಾಪತ್ರಯ ಆಟದ ಮೊದಲ ದಿನದಿಂದಲೂ ಇದೆ.

ನಮ್ಮಲ್ಲಿ ಅದು ಇನ್ನೂ ಜಾಸ್ತಿ. ಕೊಡಗಿನಲ್ಲಿ ಸಮತಟ್ಟು ಜಾಗ ಎಲ್ಲಿದೆ ಹೇಳಿ? ನಮ್ಮ ಕೋರ್ಟ್ ಇರುವುದು ದಿಣ್ಣೆ ಕಡಿದು ಮಾಡಿದ ಜಾಗದಲ್ಲಿ. ಒಂದು ಬದಿ ಕಡಿದಾದ ಮಣ್ಣಿನ ಬರೆ, ಇನ್ನೊಂದು ಬದಿ ಇಳಿಜಾರು, ಅದರ ಕೆಳಗೆ ರೊಬಸ್ಟಾ ಕಾಫಿ ತೋಟ. ರಿಂಗಿಗೆ ತಾಗಿ ಹೊರಗೆ ಚಿಮ್ಮಿದ ಬಾಲ್ ಆ ಬದಿಗೆ ಹೋದರೆ ಮುಗಿಯಿತು. ಒಬ್ಬಳು ಇಳಿದು, ಗಿಡಗಳ ಬುಡದಲ್ಲಿ ಹುಡುಕಿ, ಮತ್ತೆ ಹತ್ತಿ ಬರುವಷ್ಟರಲ್ಲಿ ಉಳಿದವರೆಲ್ಲ ಸುಮ್ನೆ ನಿಂತಿರುತ್ತಾರೆ. ಮಳೆ ಬಿದ್ದ ಮೇಲೆ ಅಲ್ಲಿ ಜಿಗಣೆ ಬೇರೆ.

ಸುಮ್ನೆ ನಿಲ್ಲುವುದೇ ನನ್ನ ದೊಡ್ಡ ಚಿಂತೆ. ಹೆಚ್ಚಿನ ಶಾಲೆಗಳಲ್ಲಿ ಶೂಟಿಂಗ್ ಪ್ರಾಕ್ಟೀಸ್ ಅಂದರೆ ಫ್ರೀ ಥ್ರೋ ಲೈನಿನ ಹಿಂದೆ ಒಂದು ಸಾಲು. ಒಬ್ಬೊಬ್ಬರಾಗಿ ಬಂದು ಎಸೆದು ಸಾಲಿನ ಕೊನೆಗೆ ಹೋಗುವುದು. ಒಂದು ಸಲ ಲೆಕ್ಕ ಹಾಕಿ ನೋಡಿ. 16 ಮಕ್ಕಳು, ಒಂದು ರಿಂಗ್, ಒಂದು ಬಾಲ್. ಎಸೆದು, ಬಾಲ್ ಹಿಡಿದು, ಮುಂದಿನವರಿಗೆ ಕೊಡಲು 8 ಸೆಕೆಂಡ್ ಹಿಡಿಯಿರಿ. ಹತ್ತು ನಿಮಿಷಕ್ಕೆ ಎಲ್ಲ ಸೇರಿ 75 ಎಸೆತ. ಒಂದು ಮಗುವಿಗೆ ನಾಲ್ಕೋ ಐದೋ. ಎರಡು ನಿಮಿಷಕ್ಕೊಮ್ಮೆ ಎಸೆದರೆ ಕೈಗೆ ಏನು ನೆನಪಿರುತ್ತದೆ? ಹಿಂದಿನ ಎಸೆತದಲ್ಲಿ ಮೊಣಕೈ ಹೊರಗೆ ಹೋಗಿತ್ತು ಅಂತ ಟೀಚರ್ ಹೇಳಿದ್ದು ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಶೂಟಿಂಗ್ ಕಲಿಯುವುದು ಕೈ. ಕೈಗೆ ಬೇಕಾದದ್ದು ಒಂದರ ಹಿಂದೆ ಒಂದು ಎಸೆತ. ಅದಕ್ಕೇ ಯಾವ ಸಾಮಾನನ್ನು ನೋಡಿದರೂ ನಾನು ಕೇಳುವುದು ಒಂದೇ: ಇದರಿಂದ ಮಗು ನಿಂತು ಕಾಯುವ ಹೊತ್ತು ಎಷ್ಟು ಕಮ್ಮಿಯಾಗುತ್ತದೆ?

ಬಾಲ್ ರಿಟರ್ನ್ ಈ ಪರೀಕ್ಷೆಯಲ್ಲಿ ಅರ್ಧ ಪಾಸ್.

ಅರ್ಧ ಯಾಕೆ ಅಂದರೆ ಅದು ವಾಪಸ್ ಕಳಿಸುವುದು ಬುಟ್ಟಿಗೆ ಬಿದ್ದ ಬಾಲನ್ನು ಮಾತ್ರ. ತಪ್ಪಿದ ಬಾಲ್ ಮೊದಲಿನ ಹಾಗೇ ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಜಾಹೀರಾತಿನ ವಿಡಿಯೋದಲ್ಲಿ ಎಸೆಯುವವರು ಒಂದನ್ನೂ ತಪ್ಪಿಸುವುದಿಲ್ಲ, ಹಾಗಾಗಿ ಇದು ಕಾಣುವುದೇ ಇಲ್ಲ. ಹನ್ನೆರಡು ವರ್ಷದ ಮಗು ಫ್ರೀ ಥ್ರೋ ಲೈನಿನಿಂದ, ಅಂದರೆ ರಿಂಗಿನ ಹಿಂದಿನ ಬೋರ್ಡಿನಿಂದ 4.6 ಮೀಟರ್ ದೂರದಿಂದ ಎಸೆದರೆ ಬೀಳುವುದಕ್ಕಿಂತ ತಪ್ಪುವುದೇ ಜಾಸ್ತಿ. ಅಲ್ಲಿ ಈ ಸಾಮಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ದೂರದ ಶೂಟಿಂಗಿಗೆ ಅಂತ ಯಾರಾದರೂ ಕೊಳ್ಳುವುದಾದರೆ ಬೇಡ ಅಂತಲೇ ಹೇಳುತ್ತೇನೆ. ತಪ್ಪಿದ್ದನ್ನೂ ಹಿಡಿಯುವ, ರಿಂಗಿನ ಸುತ್ತ ದೊಡ್ಡ ಬಲೆ ಎದ್ದು ನಿಲ್ಲುವ ನಮೂನೆ ಬೇರೆ ಇದೆ. ಅದು ನಮ್ಮಂಥ ಶಾಲೆಯ ಕೈಗೆಟುಕುವುದಿಲ್ಲ.

ಹತ್ತಿರದ ಶೂಟಿಂಗಿನಲ್ಲಿ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ. ರಿಂಗಿನ ಮುಂದೆ ಮೂರು ಅಡಿ ದೂರ. ಒಂದೇ ಕೈ. ಇದನ್ನು ಎಷ್ಟು ಹೇಳಿದರೂ ಕಮ್ಮಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಲಗೈಯವರಾದರೆ ಎಡಗೈ ಬೆನ್ನ ಹಿಂದೆ. ಬಾಲ್ ಬಲ ಅಂಗೈ ಮೇಲೆ, ಆದರೆ ಅಂಗೈಗೆ ಪೂರ್ತಿ ಅಂಟಿರಬಾರದು. ಬೆರಳುಗಳ ಮೇಲೆ ನಿಂತಿರಬೇಕು, ಬಾಲ್ ಮತ್ತು ಅಂಗೈ ನಡುವೆ ಒಂದು ಬೆರಳು ತೂರುವಷ್ಟು ಸಂದು. ಮಣಿಕಟ್ಟು ಹಿಂದಕ್ಕೆ ಬಾಗಿ ಚರ್ಮದಲ್ಲಿ ಗೆರೆ ಮೂಡಿರಬೇಕು. ನಾನು ಮಕ್ಕಳಿಗೆ ಆ ಗೆರೆ ತೋರಿಸಿ ಅಂತಲೇ ಕೇಳುವುದು. ಮೊಣಕೈ ಬಾಲಿನ ನೇರ ಕೆಳಗೆ. ಮೊಣಕಾಲು ಬಗ್ಗಿಸಿ, ಕಾಲಿನಿಂದ ಎದ್ದು, ಕೈ ಪೂರ್ತಿ ಚಾಚಿ, ಕೊನೆಗೆ ಮಣಿಕಟ್ಟು ಮುಂದಕ್ಕೆ ಬಿಟ್ಟುಬಿಡುವುದು. ಬಾಲ್ ಬುಟ್ಟಿಗೆ ಬೀಳುವವರೆಗೆ ಆ ಕೈ ಹಾಗೇ ಮೇಲೆ. ಕೊನೆಗೆ ಬಾಲ್ ಬಿಡುವ ತೋರುಬೆರಳು, ನಡುಬೆರಳು ರಿಂಗಿನ ಕಡೆಗೆ ಇಳಿಬಿದ್ದಿರಬೇಕು. ಬಾಲ್ ಹಿಂದಕ್ಕೆ ಸುತ್ತುತ್ತಾ ಹೋದರೆ ಎಲ್ಲ ಸರಿಯಾಗಿದೆ ಅಂತ ಅರ್ಥ. ಪಕ್ಕಕ್ಕೆ ಸುತ್ತಿದರೆ ಹೆಬ್ಬೆರಳೋ ಇನ್ನೊಂದು ಕೈಯೋ ನಡುವೆ ತಲೆ ಹಾಕಿದೆ.

ಇಷ್ಟು ಹತ್ತಿರದಿಂದ ಮಕ್ಕಳು ಬೇಗ ಬುಟ್ಟಿ ಹಾಕಲು ಕಲಿಯುತ್ತಾರೆ. ಬಿದ್ದ ಬಾಲ್ ತಾನಾಗಿ ಕೈಗೆ ಬರುತ್ತದೆ. ಬಂದ ಬಾಲನ್ನು ಕಾಲು ಸರಿಮಾಡಿಕೊಂಡು ಹಿಡಿದು ಮತ್ತೆ ಎಸೆತ. ನಾಲ್ಕೈದು ಸೆಕೆಂಡಿಗೆ ಒಂದು. ಸಾಲಿನಲ್ಲಿ ಹತ್ತು ನಿಮಿಷ ಕಾದರೆ ಸಿಗುವಷ್ಟು ಎಸೆತ ಇಲ್ಲಿ ಅರ್ಧ ನಿಮಿಷದೊಳಗೆ ಸಿಗುತ್ತದೆ. ತಪ್ಪು ಆ ಕ್ಷಣದಲ್ಲೇ ಕೈಗೆ ಗೊತ್ತಾಗಿ, ಮುಂದಿನ ಎಸೆತದಲ್ಲೇ ಸರಿಯಾಗುವುದನ್ನು ಕಣ್ಣಾರೆ ನೋಡಬಹುದು. ಟೀಚರ್ ಆಗಿ ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಇನ್ನೊಂದು ಒಳ್ಳೆಯ ಸಂಗತಿ ನಾವು ನಿರೀಕ್ಷಿಸಿರಲಿಲ್ಲ. ಬಿದ್ದರೆ ಬಾಲ್ ತಾನೇ ಬರುತ್ತದೆ, ತಪ್ಪಿದರೆ ನೀನೇ ಹೋಗಿ ತರಬೇಕು. ಮಕ್ಕಳೇ ಇದನ್ನು ಆಟ ಮಾಡಿಕೊಂಡರು. ಐದು ಬಿದ್ದರೆ ಒಂದು ಹೆಜ್ಜೆ ಹಿಂದೆ, ಎರಡು ತಪ್ಪಿದರೆ ಒಂದು ಹೆಜ್ಜೆ ಮುಂದೆ. ಒಬ್ಬಳು ಏಳನೇ ಕ್ಲಾಸಿನ ಹುಡುಗಿ, ಮಾತು ಕಮ್ಮಿ, ಸಾಲಿನಲ್ಲಿ ಯಾವಾಗಲೂ ಕೊನೆಗೆ ನಿಲ್ಲುತ್ತಿದ್ದವಳು. “ಮಿಸ್, ನಾನು ಬಸ್ ಬರುವವರೆಗೆ ಹಾಕ್ಲಾ?” ಅಂತ ಕೇಳಿದಳು. ಎಲ್ಲರ ಕಣ್ಣೆದುರು ಎಸೆಯಲು ನಾಚುವ ಮಕ್ಕಳಿಗೆ ಒಬ್ಬರೇ ನಿಂತು ಎಸೆಯುವ ಅವಕಾಶ ಎಷ್ಟು ಮುಖ್ಯ ಅಂತ ಅವಳನ್ನು ನೋಡಿ ಗೊತ್ತಾಯಿತು. ಈಗ ಅವಳ ಮೊಣಕೈ ನಮ್ಮ ತಂಡದಲ್ಲೇ ಅತ್ಯಂತ ನೇರ.

ಆದರೆ ಟೀಚರ್ ಪಕ್ಕದಲ್ಲಿ ಇರಲೇಬೇಕು. ಸೊಂಟದಿಂದ ಬೀಸಿ ಎಸೆದ ಬಾಲ್ ಬೋರ್ಡಿಗೆ ಬಡಿದು ಒಳಗೆ ಬಿದ್ದರೂ ಕಂಬಿಗಳು ಅದನ್ನು ಅಷ್ಟೇ ಪ್ರೀತಿಯಿಂದ ವಾಪಸ್ ಕೊಡುತ್ತವೆ. ಕೆಟ್ಟ ಅಭ್ಯಾಸವೂ ಅಷ್ಟೇ ಬೇಗ ಕೈಗೆ ಕೂರುತ್ತದೆ. ಅದಕ್ಕೆ ನಾವು ಮಾಡಿಕೊಂಡ ನಿಯಮ: ಪಕ್ಕದಲ್ಲಿ ನಿಂತ ಜೊತೆಗಾರ್ತಿ ಕೈ ನೋಡಬೇಕು, ಬುಟ್ಟಿಯನ್ನಲ್ಲ. ಕೈ ಮೇಲೆ ನಿಲ್ಲದಿದ್ದರೆ ಬಿದ್ದದ್ದೂ ಲೆಕ್ಕಕ್ಕಿಲ್ಲ. ಹೀಗೆ ನೋಡುವುದರಿಂದ ನೋಡುವವರೂ ಕಲಿಯುತ್ತಾರೆ.

ನಮ್ಮ ಮಕ್ಕಳಿಗೆ ಒಂದು ವಿಷಯದಲ್ಲಿ ಹೇಳಿಕೊಡುವುದು ಕಮ್ಮಿ. ಇಲ್ಲಿ ಹಾಕಿ ಮನೆಮನೆಯ ಆಟ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿಯೇ ಎಷ್ಟೋ ಮಕ್ಕಳು ಬೆಳೆದಿದ್ದಾರೆ. ಸ್ಟಿಕ್ ಹಿಡಿದು ಅಭ್ಯಾಸ ಇರುವ ಮಗುವಿಗೆ ಮೊಣಕಾಲು ಬಗ್ಗಿಸು ಅಂತ ಹೇಳಬೇಕಾಗಿಲ್ಲ, ತಾನಾಗಿ ಬಗ್ಗುತ್ತದೆ. ಶೂಟಿಂಗಿನ ಬಲ ಬರುವುದೇ ಅಲ್ಲಿಂದ. ಆದರೆ ಕಣ್ಣು ಕೆಳಗೆ, ಬಾಲಿನ ಮೇಲೆ. ಅದನ್ನು ಎತ್ತಿ ರಿಂಗಿನ ಮೇಲೆ ಇಡಿಸಲು ಸಮಯ ಬೇಕು. ಬಾಲ್ ಎಸೆದ ಮೇಲೂ ಬಾಲನ್ನು ನೋಡಬೇಡ, ರಿಂಗನ್ನೇ ನೋಡು ಅಂತ ಹೇಳುತ್ತಲೇ ಇರುತ್ತೇನೆ.

ಇನ್ನು ಬಾಲಿನ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬಾಲ್ ರಿಟರ್ನಿಗೆ ಕೊಟ್ಟ ದುಡ್ಡಿಗೆ ನಮಗೆ ಮೂರ್ನಾಲ್ಕು ರಬ್ಬರ್ ಬಾಲ್ ಬರುತ್ತಿತ್ತು. ಶಾಲೆಯಲ್ಲಿ ಎರಡೋ ಮೂರೋ ಬಾಲ್ ಇದ್ದರೆ ಆ ದುಡ್ಡು ಬಾಲಿಗೇ ಹೋಗಬೇಕು, ಅದೂ ಚಿಕ್ಕ ಬಾಲಿಗೆ. ಎಷ್ಟೋ ಕಡೆ ಐದನೇ ಕ್ಲಾಸಿನ ಮಗುವಿನ ಕೈಗೂ 7ನೇ ಸೈಜಿನ ಬಾಲ್ ಕೊಡುತ್ತಾರೆ. ಅದು ದೊಡ್ಡ ಗಂಡಸರ ಬಾಲ್, ತೂಕ 600 ಗ್ರಾಂ ಆಸುಪಾಸು. ಚಿಕ್ಕ ಮಕ್ಕಳ 5ನೇ ಸೈಜ್ 500 ಗ್ರಾಂ ಒಳಗೆ, ಸುತ್ತಳತೆ 70 ಸೆಂ.ಮೀ. ಹತ್ತಿರ. ಭಾರದ ಬಾಲನ್ನು 3.05 ಮೀಟರ್ ಎತ್ತರದ ರಿಂಗಿಗೆ ಮುಟ್ಟಿಸಲು ಮಗು ಎರಡೂ ಕೈಯಿಂದ ಸೊಂಟದ ಬಳಿಯಿಂದ ತಳ್ಳುತ್ತದೆ. ಬಾಲ್ ಚಪ್ಪಟೆಯಾಗಿ ಹೋಗುತ್ತದೆ.

ಚಪ್ಪಟೆಯಾಗಿ ಹೋದರೆ ಏನಾಗುತ್ತದೆ ಅಂತ ನಾನು ಕ್ಲಾಸಿನ ಕಪ್ಪು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ, ಗಣಿತದ ಟೀಚರ್ ಕೂಡ ಬಂದು ನೋಡಿದ್ದರು. ರಿಂಗಿನ ಒಳ ಅಗಲ 45 ಸೆಂ.ಮೀ. ಬಾಲ್ ನೇರ ಮೇಲಿಂದ ಬಿದ್ದರೆ ಅದಕ್ಕೆ ಪೂರ್ತಿ 45 ಸಿಗುತ್ತದೆ. ನೆಲದ ಮಟ್ಟಕ್ಕೆ 45 ಡಿಗ್ರಿ ಓರೆಯಲ್ಲಿ ಬಂದರೆ ಸಿಗುವ ಬಾಗಿಲು ಸುಮಾರು 32. 30 ಡಿಗ್ರಿಯಲ್ಲಿ ಬಂದರೆ 22.5 ಮಾತ್ರ. 7ನೇ ಸೈಜಿನ ಬಾಲಿನ ಅಡ್ಡಳತೆಯೇ 24ರ ಮೇಲೆ. ರಿಂಗಿಗೆ ತಾಗದೆ ಒಳಗೆ ಹೋಗಲು ಜಾಗವೇ ಇಲ್ಲ! ಮಗು ಎಷ್ಟು ಗುರಿ ಇಟ್ಟರೂ ಪ್ರಯೋಜನ ಇಲ್ಲ. ಹಗುರ ಬಾಲ್ ಕೊಟ್ಟು ಎತ್ತರಕ್ಕೆ ಎಸೆಯಲು ಕಲಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು. ಪಂದ್ಯದಲ್ಲಿ ಹುಡುಗಿಯರು 6ನೇ ಸೈಜಿನಲ್ಲಿ ಆಡಬೇಕು ನಿಜ. ಕೈ ಕೂತ ಮೇಲೆ ಅದಕ್ಕೆ ಹೋಗುವುದು ಕಷ್ಟವಲ್ಲ.

ಬಾಲ್ ಆದ ಮೇಲೆ ಎರಡನೆಯದು ಕೆಳಗಿನ ರಿಂಗ್. ಸಣ್ಣ ಮಕ್ಕಳ ಮಿನಿ ಬಾಸ್ಕೆಟ್‌ಬಾಲ್‌ಗೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಇಟ್ಟಿರುವ ಎತ್ತರ 2.60 ಮೀಟರ್. ನಾವು ಗೋಣಿಕೊಪ್ಪದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ರಿಂಗ್ ಮಾಡಿಸಿದೆವು. ಒಳ ಅಗಲ 45 ಸೆಂ.ಮೀ., ಸರಳು 16 ಮಿ.ಮೀ. ಅಳತೆ ಬರೆದ ಚೀಟಿ ಕೊಟ್ಟರೆ ಸಾಕು. ಅಂಗಡಿಯ ಅಣ್ಣ ನೆಟ್ ಕಟ್ಟಲು ಸುತ್ತಲೂ 12 ಕೊಂಡಿ ಬೆಸೆದು, ಚೂಪು ಅಂಚುಗಳನ್ನೆಲ್ಲ ಉಜ್ಜಿ ನುಣುಪು ಮಾಡಿ ಕೊಟ್ಟರು. ಮಕ್ಕಳ ಕೈ ತಾಗುವ ಸಾಮಾನು ಅಂತ ಅವರೇ ಎರಡು ಸಲ ಬೆರಳು ಓಡಿಸಿ ನೋಡಿದರು. ಅದನ್ನು ಶಾಲೆಯ ಹಾಲಿನೊಳಗೆ ಗೋಡೆಗೆ ಹಾಕಿದ್ದೇವೆ. ಬಾಲ್ ರಿಟರ್ನ್ ಈಗ ಹೆಚ್ಚು ಹೊತ್ತು ಇರುವುದು ಅಲ್ಲೇ. ಕೆಳಗಿನ ರಿಂಗಿನಲ್ಲಿ ಬಾಲ್ ಜಾಸ್ತಿ ಬೀಳುತ್ತದೆ, ಜಾಸ್ತಿ ಬಿದ್ದರೆ ಜಾಸ್ತಿ ವಾಪಸ್ ಬರುತ್ತದೆ. ಎರಡಕ್ಕೂ ಒಳ್ಳೆಯ ಜೋಡಿ.

ಮಳೆಗಾಲಕ್ಕೂ ಅದೇ ಆಧಾರ. ಜೂನ್ ಬಂದರೆ ಹೊರಗಿನ ಕೋರ್ಟಿನಲ್ಲಿ ಪಾಚಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಅಲ್ಲಿ ಕಾಲಿಡುವ ಹಾಗಿಲ್ಲ, ಜಾರಿ ಬಿದ್ದರೆ ಕೈ ಮುರಿಯುತ್ತದೆ. ಸೆಪ್ಟೆಂಬರಿನವರೆಗೆ ಎಲ್ಲ ಡ್ರಿಲ್ಲೂ ಹಾಲಿನೊಳಗೇ.

ಈಗ ಸಾಮಾನಿನ ಕೊರತೆಗಳು. ಮೊದಲ ಮಳೆಗಾಲದಲ್ಲೇ ಕೊಕ್ಕೆಗಳ ಹತ್ತಿರ ತುಕ್ಕು ಹಿಡಿಯಿತು. ತುಕ್ಕು ಹಿಡಿಯುವುದಿಲ್ಲ ಅಂತ ಡಬ್ಬಿಯ ಮೇಲೆ ಬರೆದಿತ್ತು. ಬಣ್ಣ ತೆಳು, ಉಕ್ಕಿನ ರಿಂಗಿಗೆ ಉಜ್ಜಿ ಉಜ್ಜಿ ಕಿತ್ತು ಬಂದ ಜಾಗದಲ್ಲೆಲ್ಲ ಕೆಂಪು. ಮಾರಿದವರಿಗೆ ಬರೆದೆ, ಕ್ಷಮಿಸಿ ಅಂತ ಉತ್ತರ ಬಂತು, ಬದಲಿ ಕೊಕ್ಕೆ ಬರಲಿಲ್ಲ. ಕೊಡಗಿನ ಮಳೆ ಅವರಿಗೆ ಗೊತ್ತಿಲ್ಲದಿರಬಹುದು, ಆದರೆ ಹೇಳಿದ ಮಾತಿಗೆ ನಿಲ್ಲಬೇಕಿತ್ತು. ನೀವು ಕೊಂಡರೆ ಬಂದ ದಿನವೇ ಒಂದು ಕೈ ರೆಡ್ ಆಕ್ಸೈಡ್, ಅದರ ಮೇಲೆ ಪೇಂಟ್ ಹೊಡೆಯಿರಿ. ಕೊಕ್ಕೆಗೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದರೆ ಉಜ್ಜಾಟವೂ ಇಲ್ಲ, ಟಣಟಣ ಸದ್ದೂ ಇಲ್ಲ. ಬಾಲುಗಳನ್ನೂ ಗೋಣಿಚೀಲದಲ್ಲಿ ಕಟ್ಟಿ ಮೂಲೆಗೆ ಹಾಕಬೇಡಿ, ಬೂಸ್ಟು ಹಿಡಿಯುತ್ತದೆ. ಬಲೆಯಲ್ಲಿ ತೂಗುಹಾಕಿ. ಹೊರಗಿನ ಸಿಮೆಂಟ್ ಕೋರ್ಟಿಗೆ ರಬ್ಬರ್ ಬಾಲೇ ಸರಿ, ಚರ್ಮದ್ದು ನಮ್ಮ ತೇವಕ್ಕೆ ಹೇಳಿದ್ದಲ್ಲ.

ಕೊಕ್ಕೆ ಸಡಿಲ ಇರುವುದು ಇನ್ನೊಂದು ಕೊರತೆ. ಬಾಲ್ ರಿಂಗಿಗೆ ಜೋರಾಗಿ ಬಡಿದರೆ ಇಡೀ ಸಾಮಾನು ಅಲುಗಾಡಿ ದಿಕ್ಕು ತಪ್ಪುತ್ತದೆ. ಕೆಳಗೆ ಮಕ್ಕಳು ನಿಂತಿರುತ್ತಾರೆ ಅನ್ನುವುದು ಮರೆಯಬಾರದು. ನಾವು ಎರಡು ಕಡೆ ತಂತಿ ಬಿಗಿದು ಭದ್ರ ಮಾಡಿದ್ದೇವೆ, ಪ್ರಾಕ್ಟೀಸ್ ಶುರು ಮಾಡುವ ಮೊದಲು ಎಳೆದು ನೋಡದೆ ಯಾರನ್ನೂ ಕೆಳಗೆ ಬಿಡುವುದಿಲ್ಲ.

ಮತ್ತೆ ಕೆಲವು ಡ್ರಿಲ್‌ಗಳಿಗೆ ಇದನ್ನು ಕಳಚಿಯೇ ಇಡಬೇಕು. ಮೈಕನ್ ಡ್ರಿಲ್ ಗೊತ್ತಲ್ವಾ? ಜಾರ್ಜ್ ಮೈಕನ್ ಅಂತ 6 ಅಡಿ 10 ಇಂಚಿನ ಆಟಗಾರ, ಕಾಲೇಜಿನಲ್ಲಿ ಅವರ ಕೋಚ್ ರೇ ಮೇಯರ್ ಮಾಡಿಸುತ್ತಿದ್ದ ಅಭ್ಯಾಸಕ್ಕೆ ಅವರದೇ ಹೆಸರು ಬಂದಿದೆ. ರಿಂಗಿನ ಬುಡದಲ್ಲೇ ನಿಂತು ಬಲಬದಿಯಿಂದ ಬಲಗೈಯಲ್ಲಿ ಒಂದು, ಎಡಬದಿಯಿಂದ ಎಡಗೈಯಲ್ಲಿ ಒಂದು, ಬೋರ್ಡಿಗೆ ತಾಗಿಸಿ ಹಾಕುತ್ತಾ ಹೋಗುವುದು. ಬಿದ್ದ ಬಾಲನ್ನು ನೆಲಕ್ಕೆ ಬಿಡದೆ, ಎದೆಗಿಂತ ಕೆಳಗೆ ಇಳಿಸದೆ, ತಾನೇ ಹಿಡಿದು ಮತ್ತೆ ಮೇಲೆ. ಇಲ್ಲಿ ಕಂಬಿಗಳು ಅಡ್ಡ ಬರುತ್ತವೆ. ಅಡ್ಡ ಬರದಿದ್ದರೂ ಬೇಡ. ಬಾಲ್ ತಾನೇ ಬರುತ್ತದೆ ಅಂತ ಅಭ್ಯಾಸವಾದ ಮಗು ಪಂದ್ಯದಲ್ಲಿ ಎಸೆದು ನಿಂತುಬಿಡುತ್ತದೆ, ರಿಬೌಂಡ್‌ಗೆ ಅಂದರೆ ತಪ್ಪಿ ಚಿಮ್ಮಿದ ಬಾಲ್ ಹಿಡಿಯಲು ಓಡುವುದಿಲ್ಲ. ನಮ್ಮ ಇಬ್ಬರು ಹುಡುಗರಲ್ಲಿ ಇದನ್ನು ನೋಡಿದ ಮೇಲೆ ನಾನು ಒಂದು ಪದ್ಧತಿ ಇಟ್ಟುಕೊಂಡೆ: ಒಂದು ದಿನದ ಶೂಟಿಂಗ್ ಹೊತ್ತಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಾಲ್ ರಿಟರ್ನ್ ಬಳಸುವುದಿಲ್ಲ.

ಉಳಿದ ಹೊತ್ತು ಮೂರು ಮೂರು ಮಕ್ಕಳ ಗುಂಪು. ಒಬ್ಬರು ಎಸೆಯುವುದು, ಒಬ್ಬರು ರಿಬೌಂಡ್, ಒಬ್ಬರು ಪಾಸ್. ಮೂವರಿಗೆ ಎರಡು ಬಾಲ್. ಐದು ಎಸೆತಕ್ಕೆ ಜಾಗ ಬದಲು. ಒಂದು ಪೈಸೆ ಖರ್ಚಿಲ್ಲದೆ ಬಾಲ್ ವಾಪಸ್ ಬರುತ್ತದೆ, ಪಾಸೂ ರಿಬೌಂಡೂ ಜೊತೆಗೇ ಕಲಿತಂತಾಯಿತು. ಇಳಿಜಾರಿನ ಬದಿಗೆ ಯಾವಾಗಲೂ ರಿಬೌಂಡ್ ಮಾಡುವವರೇ ನಿಲ್ಲಬೇಕು. ರಿಂಗ್ ಸಿಗದ ಗುಂಪು ಕೋರ್ಟಿನ ಗೆರೆಯ ಮೇಲೆ ಎದುರುಬದುರು ನಿಂತು ಒಬ್ಬರಿಗೊಬ್ಬರು ಎತ್ತರಕ್ಕೆ ಎಸೆಯುತ್ತಾರೆ. ಬಾಲ್ ಗೆರೆಯ ಮೇಲೇ ಬಿದ್ದರೆ ಮೊಣಕೈ ನೇರ ಇದೆ. ಮನೆಗೆ ಕೊಡುವ ಕೆಲಸ ಇನ್ನೂ ಸುಲಭ: ಅಂಗಾತ ಮಲಗಿ ಬಾಲನ್ನು ನೇರ ಮೇಲಕ್ಕೆ ಎಸೆದು, ಕೈ ಅಲುಗಿಸದೆ ಅದೇ ಕೈಯಲ್ಲಿ ಹಿಡಿಯುವುದು. ತೋಟದ ಮನೆಯ ಮಕ್ಕಳು ಕಾಫಿ ಕಣದಲ್ಲಿ ಮಾಡುತ್ತಾರೆ. ಜನವರಿಯಿಂದ ರೊಬಸ್ಟಾ ಹರಡಿದ್ದರೆ ಕಣ ಸಿಗುವುದಿಲ್ಲ, ಆಗ ಜಗಲಿಯಲ್ಲಿ.

ಹಾಗಾದರೆ ಯಾರು ಕೊಳ್ಳಬೇಕು? ಮೂರು ಮಕ್ಕಳಿಗೆ ಎರಡರಂತೆ ಬಾಲ್ ಇದ್ದು, ತಗ್ಗಿನ ರಿಂಗ್ ಒಂದಿದ್ದು, ಹತ್ತಿರದ ಶೂಟಿಂಗನ್ನು ಮನಸ್ಸಿಟ್ಟು ಮಾಡಿಸುವ ಟೀಚರ್ ಇರುವ ಶಾಲೆ ಧಾರಾಳವಾಗಿ ಕೊಳ್ಳಲಿ. ಮನೆಯಂಗಳದಲ್ಲಿ ರಿಂಗ್ ಇದ್ದು ಮಗು ಒಂದೇ ಆಡುವುದಾದರೆ ಇನ್ನೂ ಚೆನ್ನ. ಎರಡು ಬಾಲಿನ ಶಾಲೆಗೆ ಈ ವರ್ಷ ಬೇಡ.

ಇನ್ನೊಂದು ದಾರಿಯೂ ಇದೆ. ಇದನ್ನು ವರ್ಷವಿಡೀ ಬಳಸುವ ಅಗತ್ಯ ಬೀಳುವುದಿಲ್ಲ, ಹೊಸ ಮಕ್ಕಳು ಬಂದಾಗ ಕೆಲವು ವಾರ ಸಾಕು. ನಾವು ಮತ್ತು ಪಕ್ಕದ ಒಂದು ಶಾಲೆಯವರು ಸೇರಿ ಹಂಚಿಕೊಳ್ಳುತ್ತಿದ್ದೇವೆ. ಕಂಬಿಗಳನ್ನು ಬಿಚ್ಚಿದರೆ ಜೀಪಿನ ಹಿಂದೆ ಹಿಡಿಸುತ್ತದೆ, ಜೋಡಿಸಲು ಒಂದು ಸ್ಪ್ಯಾನರ್ ಬೇಕು. ನಟ್ಟುಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ ಕಳಿಸಿ, ಒಂದೆರಡು ಹೆಚ್ಚುವರಿ ಇರಲಿ.